ಇವಳೂ ಅವಳೂ ಒಬ್ಬಳೇ

ಮೊನ್ನೆ ನಾನು ಕಳಿಸಿದ ಫೋಟೋ ನೋಡಿ ಬೆಂಗಳೂರಿನಲ್ಲಿ ಕೂತ ನೀನು ಮೊದಲು ಕೇಳಿದ್ದು, "ತಲೆಗೆ ಎಷ್ಟು ಕೊಟ್ರು?" ಅಂತ. ನೀರು ಬರುತ್ತಿಲ್ಲ ಅಂತ ಮುಂಬೈಯ ನಮ್ಮ ವಾರ್ಡ್ ಆಫೀಸಿನ ಮುಂದೆ ಖಾಲಿ ಕೊಡ ಇಟ್ಟುಕೊಂಡು ಕೂತ ಹೆಂಗಸರ ಫೋಟೋ ಅದು. ಆಮೇಲೆ ಇನ್ನೊಂದು ಸೇರಿಸಿದೆ. "ಅಲ್ಲಾ, ಮರಾಠಿಯವರ ರಾಜಕೀಯದಲ್ಲಿ ಕನ್ನಡದ ಹೆಂಗಸರಿಗೆ ಏನು ಕೆಲಸ? ಅಲ್ಲಿ ನೀವು ಗೆಸ್ಟ್‌ಗಳು ಅಲ್ವಾ?"

ಮೊದಲನೆಯದಕ್ಕೆ ಉತ್ತರ ಸುಲಭ. ಯಾರೂ ಏನೂ ಕೊಡಲಿಲ್ಲ. ಚಹಾ ಕೂಡ ನಮ್ಮ ದುಡ್ಡಿನದೇ. ದುಡ್ಡು ಕೊಟ್ಟು ಕರೆಯುವ ಸಭೆಗಳು ಇಲ್ಲ ಅನ್ನುವುದಿಲ್ಲ. ಅದಕ್ಕೂ ನಮ್ಮ ಚಾಳಿನವರು, ಅಂದರೆ ನಮ್ಮ ಸಾಲುಮನೆಗಳವರು, ಹೋಗುತ್ತಾರೆ, ಸಂಜೆ ಬಂದು ಭಾಷಣ ಮಾಡಿದವನ ನಕಲು ಮಾಡಿ ನಗುತ್ತಾರೆ. ಅದು ಬೇರೆ, ಇದು ಬೇರೆ. ನೀರು ಬಾರದಿದ್ದಾಗ ಹೋಗುವುದಕ್ಕೆ ಯಾರೂ ಕೂಲಿ ಕೊಡಬೇಕಿಲ್ಲ.

ಎರಡನೆಯದಕ್ಕೆ ಫೋನಿನಲ್ಲಿ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಜಗಳ ಆಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಹಾರಾಷ್ಟ್ರಕ್ಕೆ ಬಂದವಳಲ್ಲ ಕಣೇ. ಇಲ್ಲೇ ಹುಟ್ಟಿದವಳು. ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲೂಕು, ದುಧನಿ ಹತ್ತಿರದ ಹಳ್ಳಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ, ಜಿಲ್ಲಾ ಪರಿಷತ್ತಿನ ಶಾಲೆಯಲ್ಲೂ ಕನ್ನಡ. ಆ ಶಾಲೆ ನಡೆಸುವುದು ಮಹಾರಾಷ್ಟ್ರ. ಇದನ್ನು ನಿನಗೆ ಕನಿಷ್ಠ ಹತ್ತು ಸಲ ಹೇಳಿದ್ದೇನೆ. ಪ್ರತಿ ಸಲ "ಓ, ಹೌದಾ!" ಅನ್ನುತ್ತೀ. ಇಲ್ಲಿನ ಆಫೀಸುಗಳಲ್ಲಿ ನನ್ನನ್ನು ಕರ್ನಾಟಕದವಳು ಅನ್ನುತ್ತಾರೆ. ಬೆಂಗಳೂರಿಗೆ ಬಂದರೆ ನೀವು ಬಾಂಬೆಯವಳು ಅನ್ನುತ್ತೀರಿ. ನಡುವೆ ಇರುವ ನನ್ನ ಊರು ಯಾರ ಬಾಯಲ್ಲೂ ಬರುವುದಿಲ್ಲ.

ಒಂದು ಮಾತು ಒಪ್ಪುತ್ತೇನೆ. ಹೆಂಗಸರಿಗೆ ಪಂಚಾಯಿತಿಯಲ್ಲಿ ಸೀಟು ತೆಗೆದಿಡುವುದನ್ನು ನೀವು ಕರ್ನಾಟಕದವರು ನಮಗಿಂತ ಮೊದಲು ಮಾಡಿದಿರಿ. ಮಂತ್ರಿ ಅಬ್ದುಲ್ ನಜೀರ್ ಸಾಬರ ಕಾಲದ 1983ರ ಕಾಯಿದೆ ನೂರಕ್ಕೆ 25 ಸೀಟು ಇಟ್ಟಿತು, 1987ರಲ್ಲಿ ಚುನಾವಣೆಯೂ ಆಯಿತು. ಗಡಿಯಾಚೆ ಆಳಂದ ತಾಲೂಕಿನಲ್ಲಿದ್ದ ನಮ್ಮ ಚಿಕ್ಕವ್ವನ ಊರಲ್ಲಿ ಆಗ ಒಬ್ಬಾಕೆ ಮಂಡಲ ಪಂಚಾಯಿತಿಗೆ ಗೆದ್ದಿದ್ದಳು. ನಮ್ಮೂರಿನ ಹೆಂಗಸರು ಅವಳನ್ನು ನೋಡಲೆಂದೇ ಜಾತ್ರೆಗೆ ಹೋಗಿ ಬಂದರು. ಖುರ್ಚಿ ಮೇಲೆ ಕೂಡುತ್ತಾಳಾ, ನೆಲದ ಮೇಲೆ ಕೂಡುತ್ತಾಳಾ ಅನ್ನುವುದೇ ಎಲ್ಲರ ಪ್ರಶ್ನೆ. ನೆಲದ ಮೇಲೆ ಕೂಡುತ್ತಿದ್ದಳಂತೆ. ಆದರೆ ಸಹಿ ಅವಳೇ ಹಾಕುತ್ತಿದ್ದಳು. ನಮಗೆ ಮೂರನೇ ಒಂದು ಪಾಲು ಖಾತ್ರಿಯಾಗಿದ್ದು 1993ರಲ್ಲಿ ಜಾರಿಗೆ ಬಂದ ಸಂವಿಧಾನ ತಿದ್ದುಪಡಿಯ ಮೇಲೆ. ಈಗ ಮುಂಬೈ ಪಾಲಿಕೆಯಲ್ಲಿ ಅರ್ಧ. 227 ವಾರ್ಡ್, ಅದರಲ್ಲಿ 114 ಹೆಂಗಸರಿಗೆ. ನಿಮ್ಮ ವಿಧಾನಸಭೆಯಲ್ಲಿ 2023ರಲ್ಲಿ ಗೆದ್ದ ಹೆಂಗಸರು 224ಕ್ಕೆ 10. ನಮ್ಮ ವಿಧಾನಸಭೆಯೂ ಏನೂ ಹೇಳಿಕೊಳ್ಳುವ ಹಾಗಿಲ್ಲ, ಬಿಡು.

ಇನ್ನು "ಮರಾಠಿಯವರ ರಾಜಕೀಯ." ನಮ್ಮ ಅತ್ತೆ ಮದುವೆಯಾಗಿ ಗೋರೆಗಾಂವ್‌ಗೆ ಬಂದಾಗ ಅವರಿಗೆ ಬರುತ್ತಿದ್ದ ಮರಾಠಿ ಬರೀ ನಾಲ್ಕು ಶಬ್ದ. ಅದರಲ್ಲಿ ಒಂದು "ಪಾಣಿ." ಆಗ ಗೋರೆಗಾಂವ್‌ನಲ್ಲಿ ನೀರಿಗಾಗಿ ಹೋರಾಡುತ್ತಿದ್ದವರು ಮೃಣಾಲ್ ಗೋರೆ. 1961ರಲ್ಲಿ ಪಾಲಿಕೆಗೆ ಗೆದ್ದಿದ್ದರು. ಜನ ಅವರಿಗೆ ಇಟ್ಟ ಹೆಸರೇ "ಪಾಣಿವಾಲಿ ಬಾಯಿ." 1972ರಲ್ಲಿ ಬರಗಾಲ. ಎಣ್ಣೆ, ಸಕ್ಕರೆ, ಸೀಮೆಎಣ್ಣೆ ಯಾವುದೂ ಕೈಗೆ ಸಿಗುತ್ತಿರಲಿಲ್ಲ. ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್, ಪ್ರಮೀಳಾ ದಂಡವತೆ ಎಲ್ಲರೂ ಒಂದೇ ಪಕ್ಷದವರಲ್ಲದಿದ್ದರೂ ಒಟ್ಟಿಗೆ ಸೇರಿ ಬೆಲೆ ಏರಿಕೆ ವಿರುದ್ಧ ಹೆಂಗಸರನ್ನು ಬೀದಿಗೆ ಕರೆದರು. ಕೈಯಲ್ಲಿ ತಾಟು, ಲಾಟಣೆ. ನಮ್ಮ ಅತ್ತೆಗೆ ಘೋಷಣೆ ಅರ್ಥವಾಗಲಿಲ್ಲ. ಆದರೆ ಲಾಟಣೆ ಅಂದರೆ ಲಟ್ಟಣಿಗೆ ಅಂತ ಗೊತ್ತಾಯಿತು, ಅಷ್ಟು ಸಾಕಾಯಿತು. ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ಲಟ್ಟಣಿಗೆಗೆ ಏನು ಕೆಲಸ? ಪಕ್ಕದ ಮನೆಯಿಂದ ಕಡ ತಂದು ಹೋಗಿದ್ದರು. ಅದನ್ನು ವಾಪಸು ಕೊಡಲೇ ಇಲ್ಲ. ಇವತ್ತಿಗೂ ನಮ್ಮ ಚಪಾತಿ ಅದರಲ್ಲೇ.

ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡು ಬಂದ ಮೃಣಾಲ್ ಗೋರೆ 1977ರಲ್ಲಿ ಲೋಕಸಭೆಗೆ ಗೆದ್ದರು. ಇಂದಿರಾ ಗಾಂಧಿ ಸೋತಿದ್ದರು. ಆಗಿನ ಘೋಷಣೆಯನ್ನು ಅತ್ತೆ ಕೊನೆಯವರೆಗೂ ಹೇಳುತ್ತಿದ್ದರು: "ಪಾಣಿವಾಲಿ ಬಾಯಿ ದಿಲ್ಲೀತ್, ದಿಲ್ಲಿವಾಲಿ ಬಾಯಿ ಪಾಣ್ಯಾತ್." ನೀರಿನ ಬಾಯಿ ದಿಲ್ಲಿಗೆ, ದಿಲ್ಲಿ ಬಾಯಿ ನೀರಿಗೆ. ಮರಾಠಿಯಲ್ಲಿ ಬಾಯಿ ಅಂದರೆ ಹೆಂಗಸು. ಕನ್ನಡದಲ್ಲಿ ಬಾಯಿ ಅಂದರೆ ಬಾಯಿ. "ಎರಡೂ ಒಂದೇ ಅಲ್ಲೇನವ್ವ" ಅನ್ನುತ್ತಿದ್ದರು.

ಇನ್ನೂ ಹಿಂದೆ ಹೋಗುವುದಾದರೆ ಕಮಲಾದೇವಿ ಚಟ್ಟೋಪಾಧ್ಯಾಯ. ಮಂಗಳೂರಿನಲ್ಲಿ ಹುಟ್ಟಿದವರು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಕೂದಲೆಳೆಯಲ್ಲಿ ಸೋತರು. 1930ರಲ್ಲಿ ಇದೇ ಮುಂಬೈಯಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದು, ಉಪ್ಪಿನ ಪೊಟ್ಟಣ ಮಾರಿದರು. ಅವರನ್ನು ಯಾರಾದರೂ ಗೆಸ್ಟ್ ಅಂದಿದ್ದರಾ?

ಇದೆಲ್ಲ ಹೆಮ್ಮೆಯ ಭಾಗ. ಇಲ್ಲಿಗೆ ಮುಗಿಯಿತು. ಈಗ ನಿಜವಾದ ತಲೆನೋವು ಹೇಳುತ್ತೇನೆ. ಭಾಷೆಯಲ್ಲ, ಪಕ್ಷವೂ ಅಲ್ಲ. ನನ್ನ ತಲೆನೋವು ನನ್ನ ಹೆಸರು.

ಶಾಲೆಯಲ್ಲಿ ನಾನು ನೀಲಮ್ಮ. ಮದುವೆಯ ದಿನ ಇಲ್ಲಿನ ಪದ್ಧತಿಯಂತೆ ತಾಟಿನಲ್ಲಿ ಅಕ್ಕಿ ಹರಡಿ, ನನ್ನ ಗಂಡ ಉಂಗುರದಿಂದ ಹೊಸ ಹೆಸರು ಬರೆದರು: ನಿಲಿಮಾ. ಆ ಅಕ್ಕಿ ಮರುದಿನ ಅನ್ನವಾಗಿ ಹೋಯಿತು, ಹೆಸರು ಉಳಿಯಿತು. ರೇಷನ್ ಕಾರ್ಡಿನಲ್ಲಿ ನಿಲಿಮಾ. ಮತದಾರರ ಪಟ್ಟಿಗೆ ಬರೆದುಕೊಂಡವನು ಬಾಗಿಲಲ್ಲಿ ನಿಂತು ಕೇಳಿದಾಗ ಅತ್ತೆ ಒಳಗಿನಿಂದ "ನೀಲಮ್ಮ" ಅಂದರು. ಅವನು ನೀಲಂ ಅಂತ ಬರೆದ. ಬ್ಯಾಂಕಿನಲ್ಲಿ ನೀಲಾಬಾಯಿ. ಅದನ್ನು ಯಾರು ಬರೆದರೋ ದೇವರಿಗೇ ಗೊತ್ತು. ನಮ್ಮ ಕಡೆಯ ಅಮ್ಮ, ಅವ್ವ ಎಲ್ಲ ಇಲ್ಲಿನ ಪೆನ್ನಿಗೆ ಸಿಕ್ಕರೆ ಬಾಯಿ ಆಗುತ್ತವೆ. ಗಂಗವ್ವ ಗಂಗಾಬಾಯಿ, ನಾಗಮ್ಮ ನಾಗಾಬಾಯಿ. ಕೆಟ್ಟದ್ದೇನಲ್ಲ, ಗೌರವದ ಶಬ್ದವೇ. ಆದರೆ ಗಂಗವ್ವನ ಆಧಾರ್ ಗಂಗಾಬಾಯಿಯ ಪಾಸ್‌ಬುಕ್ಕಿಗೆ ಹೊಂದುವುದಿಲ್ಲ.

ಹಾಗಾಗಿ ವಕೀಲರ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಬೇಕು. ನೀಲಮ್ಮ, ನಿಲಿಮಾ, ನೀಲಂ, ನೀಲಾಬಾಯಿ ನಾಲ್ವರೂ ಒಬ್ಬಳೇ ಅಂತ. ಇಲ್ಲಿವರೆಗೆ ಆರು ಸಲ ಮಾಡಿಸಿದ್ದೇನೆ. ನಾನು ಒಬ್ಬಳೇ ಅಂತ ಆರು ಸಲ ಪ್ರಮಾಣ ಮಾಡಿದವಳು ನಾನು. ನನ್ನ ಗಂಡ ಒಂದು ಸಲವೂ ಮಾಡಬೇಕಾಗಿ ಬಂದಿಲ್ಲ.

ಒಮ್ಮೆ ಶಾಲೆ ಬಿಟ್ಟ ದಾಖಲೆ ಕೊಟ್ಟೆ. ಕಿಟಕಿಯೊಳಗಿನವನು ಕನ್ನಡ ಅಕ್ಷರ ನೋಡಿ ಅದನ್ನು ಉಲ್ಟಾ ಹಿಡಿದ. "ಇದು ಕರ್ನಾಟಕದ್ದು, ಇಲ್ಲಿ ನಡೆಯಲ್ಲ" ಅಂದ. ಮೇಲೆ ಜಿಲ್ಲಾ ಪರಿಷತ್ ಸೊಲ್ಲಾಪುರ ಅಂತ ಮೊಹರು ಇದೆ. ತೋರಿಸಿದೆ. "ಸೊಲ್ಲಾಪುರದಲ್ಲಿ ಕನ್ನಡ ಶಾಲೆ ಎಲ್ಲಿಂದ ಬಂತು?" ಅಂದ. ನಿನ್ನ ಪ್ರಶ್ನೆಯೂ ಅವನ ಪ್ರಶ್ನೆಯೂ ಅಕ್ಕ ತಂಗಿ, ನೋಡು.

2017ರ ಪಾಲಿಕೆ ಚುನಾವಣೆಯ ಹೊತ್ತಿಗೆ ಇದು ದೊಡ್ಡದಾಗಿ ಅಡ್ಡ ಬಂತು. ಚುನಾವಣೆಗೆ ಮೊದಲು ಸೋಡತ್ ಆಗುತ್ತದೆ, ಅಂದರೆ ಯಾವ ವಾರ್ಡು ಯಾರಿಗೆ ಮೀಸಲು ಅಂತ ಚೀಟಿ ಎತ್ತುತ್ತಾರೆ. ನಮ್ಮ ವಾರ್ಡು ಹೆಂಗಸರಿಗೆ ಬಂತು. ಹಳೇ ನಗರಸೇವಕರ, ಅಂದರೆ ಕಾರ್ಪೊರೇಟರ್ ಸಾಹೇಬರ ಮುಖ ನೋಡಬೇಕಿತ್ತು! ಒಂದು ಪಕ್ಷದವರು ನಮ್ಮ ಮನೆಗೂ ಬಂದರು. ಚಾಳಿನ ಅರ್ಧ ಜನರ ಫಾರ್ಮ್ ತುಂಬುವವಳು ನಾನೇ. ಕನ್ನಡ, ಮರಾಠಿ, ಹಿಂದಿ ಮೂರೂ ಬರುತ್ತದೆ. "ವೈನಿ (ಅತ್ತಿಗೆ), ನೀವು ನಿಲ್ಲಿ" ಅಂದರು. ನನ್ನ ಎದೆ ಹೊಡೆದುಕೊಂಡಿತು, ಸುಳ್ಳು ಯಾಕೆ ಹೇಳಲಿ. ಅವರು ಚಹಾ ಕುಡಿದು ನಮ್ಮವರ ಕಡೆ ತಿರುಗಿ, "ಖರ್ಚಿಗೆ ಏನು ಮಾಡ್ತೀರಿ?" ಅಂತ ಕೇಳಿದರು. ನಿಲ್ಲುವವಳು ನಾನು, ಪ್ರಶ್ನೆ ಅವರಿಗೆ.

ಆಮೇಲೆ ಕಾಗದ ನೋಡಿದರು. ನಾಲ್ಕು ಹೆಸರು ಕಂಡವು. "ನಾಮಪತ್ರ ಪರಿಶೀಲನೆ ದಿನ ಎದುರಿನವರು ಗದ್ದಲ ಮಾಡ್ತಾರೆ" ಅಂದರು. ಇನ್ನೊಬ್ಬಾಕೆಯನ್ನು ನೋಡಿದರು. ಅವಳಿಗೆ ಗಂಡುಮಗು ಬೇಕೆಂದು ಮನೆಯವರು ಮಾಡಿಸಿಕೊಂಡ ಮೂರನೇ ಮಗು. 2001ರ ಸೆಪ್ಟೆಂಬರ್ ನಂತರ ಎರಡಕ್ಕಿಂತ ಜಾಸ್ತಿ ಆದವರು ಇಲ್ಲಿ ಪಾಲಿಕೆಗೆ ನಿಲ್ಲುವ ಹಾಗಿಲ್ಲ. ಮಗು ಬೇಕು ಅಂದ ಅತ್ತೆಗೆ ಯಾವ ಅಡ್ಡಿಯೂ ಇಲ್ಲ, ಹೆತ್ತವಳಿಗೆ ಬಾಗಿಲು ಬಂದ್. ಮೂರನೆಯವಳು ಕಲಬುರ್ಗಿ ಕಡೆಯಿಂದ ಮದುವೆಯಾಗಿ ಬಂದ ಅಕ್ಕ. ಮೋರ್ಚಾದಲ್ಲಿ ಅವಳ ಮುಂದೆ ನಿಲ್ಲುವವರಿಲ್ಲ. ಅವಳು ಪರಿಶಿಷ್ಟ ಜಾತಿಯವಳು, ಆ ಜಾತಿಗೆ ಮೀಸಲಾದ ವಾರ್ಡಿನಲ್ಲಿ ನಿಲ್ಲಿಸಬಹುದೇ ಅಂತ ನೋಡಿದರು. ಆದರೆ ಜಾತಿ ತವರಿನದು, ಗಂಡನ ಮನೆಯದಲ್ಲ. ಅವಳ ತವರಿನವರು 1950ರ ಆಗಸ್ಟ್ 10ಕ್ಕೆ ಮುಂಚೆ ಮಹಾರಾಷ್ಟ್ರದಲ್ಲಿ ಇದ್ದರು ಅಂತ ತೋರಿಸದಿದ್ದರೆ ಇಲ್ಲಿ ಜಾತಿ ಪ್ರಮಾಣಪತ್ರ ನಡೆಯುವುದಿಲ್ಲ. ರೈಲು ಇಳಿದ ಕೂಡಲೇ ಅವಳ ಜಾತಿ ಕಾಗದದಿಂದ ಹೋಯಿತು. ಓಣಿಯವರ ಬಾಯಿಂದ ಮಾತ್ರ ಹೋಗಲಿಲ್ಲ.

ಟಿಕೆಟ್ ಕೊನೆಗೆ ಹಳೇ ನಗರಸೇವಕರ ಹೆಂಡತಿಗೆ. ಪೋಸ್ಟರಿನಲ್ಲಿ "ಸೌ." ಅಂತ ಅವಳ ಹೆಸರು, ಪಕ್ಕದಲ್ಲಿ ಅವಳಿಗಿಂತ ದೊಡ್ಡದಾಗಿ ಗಂಡನ ಫೋಟೋ. ನಾವೆಲ್ಲ ನಕ್ಕೆವು. ಮೊದಲ ವರ್ಷ ಅವಳ ಮೊಬೈಲನ್ನೂ ಅವನೇ ಎತ್ತುತ್ತಿದ್ದ. ನಿಮ್ಮಂಥವರು ಪೇಪರಿನಲ್ಲಿ ಬರೆಯುವುದು ಈ ಒಂದು ವರ್ಷದ ಕಥೆ ಮಾತ್ರ. ಎರಡನೇ ವರ್ಷ ಮಳೆಗಾಲದಲ್ಲಿ ನಾಲೆಯ ನೀರು ಚಾಳಿಗೆ ನುಗ್ಗಿತು. ಅವನು ಊರಲ್ಲಿರಲಿಲ್ಲ. ಅವಳು ಸೀರೆ ಎತ್ತಿ ಕಟ್ಟಿಕೊಂಡು ಬಂದಳು. ಇಂಜಿನಿಯರಿಗೆ ಫೋನ್ ಮಾಡಿ, "ನೀನು ಬರುವವರೆಗೆ ನಾನು ಈ ನೀರಲ್ಲೇ ನಿಂತಿರ್ತೀನಿ" ಅಂದಳು. ಅವನು ಬಂದ. ಆವತ್ತಿನಿಂದ ಮೊಬೈಲ್ ಅವಳ ಕೈಯಲ್ಲಿ. ನಾನು ನಗುವುದು ಬಿಟ್ಟೆ. ಹೊಟ್ಟೆಕಿಚ್ಚು ಸ್ವಲ್ಪ ಇದೆ, ಅದು ಇರಲಿ.

2022ರ ಮಾರ್ಚಿನಲ್ಲಿ ಅವರ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಜಾಸ್ತಿ ಇಲ್ಲಿ ನಗರಸೇವಕರೇ ಇರಲಿಲ್ಲ, ಅಧಿಕಾರಿಗಳದೇ ರಾಜ್ಯ. ಕೊಡ ಹಿಡಿದು ನೇರ ವಾರ್ಡ್ ಆಫೀಸಿಗೆ ಹೋಗುವ ಅಭ್ಯಾಸ ಆಗ ಬೆಳೆದದ್ದು. ನಿಮ್ಮ ಬೆಂಗಳೂರಲ್ಲೂ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರುಗಳು ಮನೆಗೆ ಹೋದರು, ಆಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ನೀವು ಯಾವ ಆಫೀಸಿನ ಮುಂದೆ ಕೂತಿರಿ ಅಂತ ನಾನು ಕೇಳಲಿಲ್ಲ. ಟ್ಯಾಂಕರ್ ತರಿಸಿಕೊಂಡಿರಿ.

2024ರಲ್ಲಿ ಸರಕಾರದ ಲಾಡ್ಕಿ ಬಹೀಣ್ ಯೋಜನೆ ಬಂತು, ಹೆಂಗಸರಿಗೆ ತಿಂಗಳಿಗೆ 1500 ರೂಪಾಯಿ. ನನ್ನ ಹೆಸರಿನ ರೋಗ ಇಡೀ ಚಾಳಿಗೆ ಇದೆ ಅಂತ ಆಗ ಗೊತ್ತಾಯಿತು. ಒಂದು ತಿಂಗಳು ನಮ್ಮ ಮನೆ ಆಫೀಸಾಯಿತು. ಅರ್ಜಿಗೆ ಬೇಕಾದದ್ದು ಹದಿನೈದು ವರ್ಷ ಹಳೇ ರೇಷನ್ ಕಾರ್ಡು, ಇಲ್ಲವೇ ವೋಟರ್ ಕಾರ್ಡು, ಶಾಲೆಯ ದಾಖಲೆ, ಜನ್ಮ ದಾಖಲೆ. ಬೇರೆ ರಾಜ್ಯದಲ್ಲಿ ಹುಟ್ಟಿದವಳಾದರೆ ಗಂಡನ ದಾಖಲೆ. ಮರುವರ್ಷ ಇ-ಕೆವೈಸಿ, ಅಂದರೆ ಆನ್‌ಲೈನಿನಲ್ಲಿ ಗುರುತು ಖಾತ್ರಿ ಮಾಡಿಸಬೇಕು ಅಂದರು, ಅದಕ್ಕೆ ಗಂಡನದೋ ಅಪ್ಪನದೋ ಆಧಾರ್. ಇಬ್ಬರೂ ಇಲ್ಲದ ಒಬ್ಬ ಅಜ್ಜಿ ನನ್ನನ್ನು ಕೇಳಿದಳು, "ಯಾರನ್ನ ಎಬ್ಬಿಸಿಕೊಂಡು ಬರಲಿ?" ಇದೇ ಸರಕಾರ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಅಪ್ಪನ ಹೆಸರಿಗಿಂತ ಮೊದಲು ಅಮ್ಮನ ಹೆಸರು ಬರಬೇಕು ಅಂತ ನಿಯಮ ಮಾಡಿದೆ. ಒಳ್ಳೆಯದೇ. ಮದುವೆಯಾದವಳಿಗೆ ಮಾತ್ರ ಹಳೇ ಸಾಲೇ: ತನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು. ಅಮ್ಮನ ಹೆಸರು ಮಗುವಿಗೆ ಸೇರುತ್ತದೆ ಸರಿ, ಆದರೆ ನಾಲ್ಕರಲ್ಲಿ ಯಾವುದು?

ವಾರ್ಡ್ ಆಫೀಸಿನ ಮುಂದೆ ಕೂತ ದಿನ ಮನವಿಗೆ ಎಲ್ಲರ ಸಹಿ ಬೇಕಿತ್ತು. ಕಲಬುರ್ಗಿ ಅಕ್ಕ ಕನ್ನಡದಲ್ಲಿ ಹಾಕಿದಳು. ಸಾಹೇಬರು "ಇದೇನು?" ಅಂದರು. ಹಿಂದಿನಿಂದ ಒಬ್ಬ ಮರಾಠಿ ಮುದುಕಿ ಕೂಗಿದಳು, "ತಿಚೀ ಸಹೀ ಆಹೇ, ಘ್ಯಾ!" ಅವಳ ಸಹಿ ಅದು, ತಗೊಳ್ಳಿ. ತಗೊಂಡರು. ನೀರು ಮೂರು ದಿನಕ್ಕೆ ಬಂತು, ಈಗ ಮತ್ತೆ ಸಣ್ಣಗಾಗಿದೆ.

ನಾಳೆ ಫಾರ್ಮ್ 8 ತುಂಬಲು ಹೋಗಬೇಕು, ಮತದಾರರ ಪಟ್ಟಿಯ ಹೆಸರು ತಿದ್ದಿಸಲು. ಈ ಸಲ ನಾನೇ ದೇವನಾಗರಿಯಲ್ಲಿ ದಪ್ಪಗೆ ಬರೆದುಕೊಂಡಿದ್ದೇನೆ, ನೀಲಮ್ಮ ಅಂತ, ಅರ್ಧ ಮ ಬಿಟ್ಟುಹೋಗದ ಹಾಗೆ. ಆರನೇ ಅಫಿಡವಿಟ್ ಕೂಡ ಚೀಲದಲ್ಲಿದೆ. ಕೇಳಿಯೇ ಕೇಳುತ್ತಾರೆ.