ಇಟಲಿಗೆ ಹೊರಟ ಅತ್ತೆಗೆ ಊಟ ಏನು?

ಪ್ರಶ್ನೆ: ನಮ್ಮದು ಹಾಸನ. ಮೇ ತಿಂಗಳಲ್ಲಿ ಅತ್ತೆ ಮಾವನನ್ನು ಕರೆದುಕೊಂಡು ರೋಮ್, ಫ್ಲಾರೆನ್ಸ್, ವೆನಿಸ್‌ಗೆ ಹೊರಟಿದ್ದೇವೆ. ಟೂರ್ ಕಂಪನಿ ಇಲ್ಲ, ಎಲ್ಲಾ ನಾವೇ ಬುಕ್ ಮಾಡಿದ್ದೇವೆ. ಅತ್ತೆ ಮೊಟ್ಟೆ ಕೂಡ ಮುಟ್ಟುವುದಿಲ್ಲ. "ನಾನು ಬ್ರೆಡ್ಡು ಬಾಳೆಹಣ್ಣು ತಿಂದ್ಕೊಂಡು ಇರ್ತೀನಿ ಬಿಡಮ್ಮ" ಅನ್ನುತ್ತಾರೆ. ಅಲ್ಲಿನ ಇಂಡಿಯನ್ ಹೋಟೆಲ್‌ಗಳ ಪಟ್ಟಿ ಕೊಡುತ್ತೀರಾ? ಅಕ್ಕಿ, ಕುಕ್ಕರ್ ಒಯ್ಯಬೇಕಾ?

ಉತ್ತರ: ಪಟ್ಟಿ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ದಿನಾ ಸಂಜೆ ಇಂಡಿಯನ್ ಹೋಟೆಲ್ ಹುಡುಕಿಕೊಂಡು ವಯಸ್ಸಾದವರನ್ನು ಅಲೆದಾಡಿಸುವ ಅಗತ್ಯ ಇಟಲಿಯಲ್ಲಿ ಇಲ್ಲ. ಅಲ್ಲಿನ ಹಳ್ಳಿ ಅಡುಗೆ ಬೆಳೆದಿದ್ದೇ ಕಾಳು, ಸೊಪ್ಪು, ಗೋಧಿ, ಆಲಿವ್ ಎಣ್ಣೆಯ ಮೇಲೆ. ಬಡವರ ಮನೆಯಲ್ಲಿ ಮಾಂಸ ಹಬ್ಬಕ್ಕೆ ಮಾತ್ರ. ನಿಮ್ಮ ಅತ್ತೆ ಬ್ರೆಡ್ಡು ಬಾಳೆಹಣ್ಣಿನಲ್ಲಿ ದಿನ ತಳ್ಳಿ ಬಂದರೆ ನನಗೇ ಹೊಟ್ಟೆ ಉರಿಯುತ್ತೆ.

ಆದರೆ 'ನಾವು ವೆಜಿಟೇರಿಯನ್' ಅಂತ ಹೇಳಿ ಸುಮ್ನೆ ಕೂತರೆ ಸಾಲದು. ಮಾಂಸದ ತುಂಡು ಇಲ್ಲ ಅಂದರೆ ಸಾಕು ಅಂದುಕೊಂಡು ಮಾಂಸದ ಸಾರಿನಲ್ಲಿ ಬೇಯಿಸಿದ ಸೂಪ್ ತಂದಿಡಬಹುದು. ಏನು ಬೇಡ ಅನ್ನುವುದನ್ನು ಒಂದೊಂದಾಗಿ ಹೇಳಿ. 'ಸೆಂತ್ಸಾ' ಅಂದರೆ 'ಇಲ್ಲದೆ'. ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ, ಸೆಂತ್ಸಾ ಉವೋವಾ: ಮಾಂಸ, ಮೀನು, ಮೊಟ್ಟೆ ಇಲ್ಲದೆ. ಇವನ್ನು ಇಟಾಲಿಯನ್ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆಸಿಕೊಂಡು ಮಾವನ ಜೇಬಿನಲ್ಲಿಡಿ. ಇನ್ನೆರಡು ಹೆಸರು ನೆನಪಿರಲಿ. ಅಚ್ಚೂಗೆ ಅಂದರೆ ಸಣ್ಣ ಮೀನು, ಪುತ್ತನೆಸ್ಕಾ ಸಾಸ್‌ನಲ್ಲಿ ಕರಗಿಹೋಗಿರುತ್ತೆ, ಕಣ್ಣಿಗೇ ಕಾಣುವುದಿಲ್ಲ. ಸ್ತ್ರುತ್ತೊ ಅಂದರೆ ಹಂದಿ ಕೊಬ್ಬು, ಪಿಯಾದೀನಾ ಅನ್ನುವ ಚಪ್ಪಟೆ ರೊಟ್ಟಿಯಲ್ಲಿ, ಕೆಲವು ಫೊಕಾಚ್ಚಾ ಬ್ರೆಡ್ಡಿನಲ್ಲಿ ಇರುತ್ತೆ.

ಮೊಟ್ಟೆ ವಿಷಯ ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ಸ್ಪಗೆಟ್ಟಿ, ಪೆನ್ನೆ ತರಹದ ಒಣ ಪಾಸ್ತಾ ಬರೀ ಗೋಧಿ ರವೆ ಮತ್ತು ನೀರು. ಮೊಟ್ಟೆ ಹಾಕಿದ್ದರೆ ಪ್ಯಾಕೆಟ್ ಮೇಲೆ 'ಆಲ್ಲುವೋವೋ' ಅಂತ ಬರೆದಿರಲೇಬೇಕು. ಹುಷಾರಾಗಿರಬೇಕಾದ್ದು ಹಸಿ ಪಾಸ್ತಾ ವಿಷಯದಲ್ಲಿ. ತಾಲ್ಯತೆಲ್ಲೆ, ಲಸಾನ್ಯದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತೆ. ಹಾಸನದ ನಾಲಿಗೆಗೆ ನಾನು ಹೇಳುವುದು ಪೆನ್ನೆ ಅರ್ರಬಿಯಾತಾ. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಎಣ್ಣೆ, ಅಷ್ಟೇ. ಖಾರ ಸಾಲದಿದ್ದರೆ 'ಪೆಪೆರೊಂಚೀನೊ' ಅಂತ ಕೇಳಿ, ಮೆಣಸಿನಕಾಯಿ ಪುಡಿನೋ ಎಣ್ಣೆನೋ ತಂದುಕೊಡುತ್ತಾರೆ. ಪಿಜ್ಜಾದಲ್ಲಿ ಮರಿನಾರಾ ಅಂತ ಒಂದಿದೆ. ಹೆಸರು ಕೇಳಿ ಸಮುದ್ರದ ಮೀನು ಅಂತ ಹೆದರುತ್ತಾರೆ, ಆದರೆ ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಮಾತ್ರ, ಚೀಸ್ ಕೂಡ ಇಲ್ಲ.

ಚೀಸ್ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳಬೇಕು. ಪಾಸ್ತಾ ಮೇಲೆ ತುರಿದು ಹಾಕುವ ಪಾರ್ಮಿಜಾನೊ ರೆಜ್ಜಾನೊಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಆ ಹೆಸರಿನಲ್ಲಿ ಮಾರಬೇಕಾದರೆ ಹಾಗೇ ಮಾಡಬೇಕು ಅನ್ನೋದು ನಿಯಮ. ಪೆಕೊರೀನೊ ರೊಮಾನೊಗೆ ಕುರಿಮರಿಯದ್ದು. ಪೆಸ್ತೊ ಚಟ್ನಿಯಲ್ಲೂ ಇಂಥ ಚೀಸೇ ಇರುತ್ತೆ. ಇದನ್ನು ಅತ್ತೆಗೆ ಊರು ಬಿಡುವ ಮುಂಚೆಯೇ ಹೇಳಿ, ಬೇಕೋ ಬೇಡವೋ ಅವರೇ ತೀರ್ಮಾನ ಮಾಡಲಿ. ತಿಂದ ಮೇಲೆ ಗೊತ್ತಾದರೆ ಆ ನೋವು ಬೇರೆ, ಅಲ್ವಾ? ಬೇಡ ಅಂದರೆ 'ಸೆಂತ್ಸಾ ಫೊರ್ಮಾಜ್ಜೊ'.

ಮೆನುವಿನಲ್ಲಿ ಕೊಂತೊರ್ನಿ ಅನ್ನುವ ಭಾಗವನ್ನು ನಮ್ಮವರು ನೋಡುವುದೇ ಇಲ್ಲ. ತರಕಾರಿ ಎಲ್ಲಾ ಅಲ್ಲಿರುತ್ತೆ. ರೋಮ್‌ನಲ್ಲಿ ಚಿಕೋರಿಯಾ ಅಂತ ಸ್ವಲ್ಪ ಕಹಿ ಸೊಪ್ಪು, ಬೇಯಿಸಿ ಬೆಳ್ಳುಳ್ಳಿ ಮೆಣಸಿನಕಾಯಿ ಹಾಕಿ ಬಾಡಿಸಿರುತ್ತಾರೆ. ಫ್ಲಾರೆನ್ಸ್ ಕಡೆ ಬಿಳಿ ಕಾಳು ಬೇಯಿಸಿ ಆಲಿವ್ ಎಣ್ಣೆ ಸುರಿದು ಕೊಡುತ್ತಾರೆ. ಜಿನೋವಾ ಕಡೆ ಹೋದರೆ ಫರಿನಾತಾ ಬಿಡಬೇಡಿ. ಕಡಲೆಹಿಟ್ಟು, ನೀರು, ಉಪ್ಪು, ಎಣ್ಣೆ ಕಲಸಿ ಗಂಟೆಗಟ್ಟಲೆ ನೆನೆಯಲು ಬಿಟ್ಟು, ಅಗಲವಾದ ತಾಮ್ರದ ತಟ್ಟೆಯಲ್ಲಿ ಸೌದೆ ಒಲೆಗೆ ತಳ್ಳುತ್ತಾರೆ. ಮೇಲೆ ಕೆಂಪಗೆ ಗರಿ, ಒಳಗೆ ಮೆತ್ತಗೆ. ಮೇಲೊಂದಿಷ್ಟು ಕಾಳುಮೆಣಸಿನ ಪುಡಿ. ನಮ್ಮ ಕಡಲೆಹಿಟ್ಟಿನ ದೋಸೆಯ ದಪ್ಪ ತಂಗಿ ಅನ್ನಿ.

ಸಿಹಿಯಲ್ಲಿ ತಿರಮಿಸುಗೆ ಮೊಟ್ಟೆ, ಪನ್ನಾ ಕೊತ್ತಾಗೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್, ಎರಡೂ ಬೇಡ. ಐಸ್‌ಕ್ರೀಮಿನಲ್ಲಿ ಮೊಟ್ಟೆ ಹಾಕಿದ ಕ್ರೆಮಾ ಬಿಟ್ಟು ನಿಂಬೆ, ಸ್ಟ್ರಾಬೆರಿ ಹಣ್ಣಿನ ಸೊರ್ಬೆತ್ತೊ ಕೇಳಿ.

ಹೊತ್ತು ಮಾತ್ರ ನೋಡಿಕೊಳ್ಳಿ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ, ಆಮೇಲೆ ಬಹಳ ಕಡೆ ಒಲೆ ಆರಿಸಿದರೆ ಮತ್ತೆ ಹಚ್ಚುವುದು ಸಂಜೆ ಏಳರ ಮೇಲೆ. ಮ್ಯೂಸಿಯಂನಲ್ಲಿ ತಡವಾದರೆ ಪಿಜ್ಜಾ ಆಲ್ ತಾಲ್ಯೊ ಅಂಗಡಿ ಇದೆ, ಕತ್ತರಿಸಿ ತೂಕಕ್ಕೆ ಕೊಡುತ್ತಾರೆ.

ಕುಕ್ಕರ್ ಬೇಡ. ಅದರ ಬದಲು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತಗೊಳ್ಳಿ. ಬಾಸ್ಮತಿ ಅಕ್ಕಿ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತೆ. ಸಕ್ಕರೆ ಹಾಕದ 'ಯೋಗರ್ಟ್ ಬಿಯಾಂಕೊ' ತಂದರೆ ರಾತ್ರಿ ಮೊಸರನ್ನ ಆಯ್ತು. ಮೊಟ್ಟೆ, ಹಾಲು, ಮೀನು ಇದ್ದರೆ ಪ್ಯಾಕೆಟ್ ಹಿಂದಿನ ಪಟ್ಟಿಯಲ್ಲಿ ಎದ್ದು ಕಾಣುವ ಅಕ್ಷರದಲ್ಲಿ ಇರುತ್ತೆ. ಊರಿನಿಂದ ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ. ತುಪ್ಪ, ಪೇಡಾ, ಹಸಿ ಕರಿಬೇವು ಬೇಡ, ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮಗೆ ಸಣ್ಣ ಕಾಫಿ ತೋಟ ಇದೆ. ವ್ಯಾಪಾರದ ಮಾತಿಗೆ ಟ್ರಿಯೆಸ್ತೆಗೆ ಕರೆದಿದ್ದಾರೆ. ನಾನು ಸಸ್ಯಾಹಾರಿ, ಮೊಟ್ಟೆ ತಿನ್ನುತ್ತೇನೆ. ಅವರ ಜೊತೆ ಊಟಕ್ಕೆ ಕೂತಾಗ ಮುಜುಗರ ಆಗಬಾರದು.

ಉತ್ತರ: ಒಳ್ಳೆ ಊರಿಗೇ ಹೊರಟಿದ್ದೀರಿ. ನಮ್ಮ ದೇಶದ ಕಾಫಿ ಜಾಸ್ತಿ ಕೊಳ್ಳುವವರು ಇಟಲಿಯವರು, ಟ್ರಿಯೆಸ್ತೆ ಅವರ ಹಳೇ ಕಾಫಿ ಬಂದರು. ಊಟದ ವಿಷಯ ಹೊರಡುವ ಮುಂಚೆಯೇ ಮೇಲ್‌ನಲ್ಲಿ ಬರೆದುಬಿಡಿ, ಯಾವ ಹೋಟೆಲ್ ಅಂತ ನಿಮ್ಮನ್ನು ಕರೆದವರೇ ನೋಡಿ ಆರಿಸುತ್ತಾರೆ. ಯಾಕೆಂದರೆ ಆ ಊರಿನ ಹಳೇ 'ಬುಫೆ' ಹೋಟೆಲ್‌ಗಳು ಹೆಸರಾಗಿರುವುದೇ ಬೇಯಿಸಿದ ಹಂದಿ ಮಾಂಸಕ್ಕೆ. ಯೋಟಾ ಅನ್ನುವ ಕಾಳು ಕೋಸಿನ ಸೂಪ್‌ನಲ್ಲೂ ಸಾಮಾನ್ಯವಾಗಿ ಅದೇ ಇರುತ್ತೆ. ನಿಮಗೆ ಸರಿಹೋಗುವುದು ನ್ಯೊಕ್ಕಿ ದಿ ಸುಸೀನೆ, ಆಲೂಗೆಡ್ಡೆ ಹಿಟ್ಟಿನ ಉಂಡೆಯೊಳಗೆ ಪ್ಲಮ್ ಹಣ್ಣು ಇಟ್ಟು ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ ಉದುರಿಸುತ್ತಾರೆ. ಮತ್ತೆ ಕಾಫಿ ಕೇಳುವಾಗ ಅಲ್ಲಿ ಎಸ್‌ಪ್ರೆಸ್ಸೊಗೆ 'ನೇರೊ', ಸ್ವಲ್ಪ ಹಾಲು ಹಾಕಿದ ಪುಟ್ಟ ಕಾಫಿಗೆ 'ಕಾಪೊ' ಅನ್ನುತ್ತಾರೆ. ಕೌಂಟರ್ ಹತ್ತಿರ ನಿಂತೇ ಕುಡಿಯಿರಿ, ಟೇಬಲ್‌ಗೆ ತರಿಸಿದರೆ ಬಹಳ ಕಡೆ ದುಡ್ಡು ಜಾಸ್ತಿ.