ಪೈಥಾನ್ ಪಾಠ ಎಲ್ಲಾ ನೋಡಿದ್ದೇನೆ, ಸ್ವಂತವಾಗಿ ಏನೂ ಬರೆಯಲು ಬರುತ್ತಿಲ್ಲ. ಯಾವ ಪ್ರಾಜೆಕ್ಟ್ ಮಾಡಲಿ?

ಬಿಸಿಎ ಎರಡನೇ ವರ್ಷ, ಯೂಟ್ಯೂಬಿನಲ್ಲಿ ಪಾಠ ಪೂರ್ತಿ ಮುಗಿದಿದೆ, ಆದರೆ ಖಾಲಿ ಫೈಲ್ ತೆರೆದರೆ ಕೈ ಓಡುವುದಿಲ್ಲ ಅಂತ ಬರೆದಿದ್ದೀರಿ. ನನಗೂ ಎರಡನೇ ವರ್ಷದಲ್ಲಿ ಹೀಗೇ ಆಗಿತ್ತು.

ಕ್ಯಾಲ್ಕುಲೇಟರ್, ಟು-ಡೂ ಲಿಸ್ಟ್, ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ ಇವನ್ನೆಲ್ಲ ದಯವಿಟ್ಟು ಬಿಡಿ. ಅವುಗಳ ಕೋಡ್ ಬೀದಿ ಬೀದಿಯಲ್ಲಿ ಸಿಗುತ್ತದೆ. ಎಲ್ಲಾದರೂ ಸಿಕ್ಕಿಕೊಂಡ ತಕ್ಷಣ ಕೈ ಕಾಪಿ ಮಾಡಲು ಹೋಗುತ್ತದೆ. ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಲೈಬ್ರರಿ ಪ್ರಾಜೆಕ್ಟೇ ಮಾಡಿದ್ದರು. ಎಲ್ಲರ ಲಾಗಿನ್ ಪುಟದಲ್ಲೂ ಒಂದೇ ಸ್ಪೆಲ್ಲಿಂಗ್ ತಪ್ಪು!

ನಾನು ಪ್ರಾಜೆಕ್ಟ್ ಆರಿಸುವ ಅಳತೆ ಒಂದೇ. ಕಂಪ್ಯೂಟರ್ ತಪ್ಪು ಉತ್ತರ ಕೊಟ್ಟರೆ, ಅದು ತಪ್ಪು ಅಂತ ಪೆನ್ಸಿಲ್ ಹಿಡಿದು ಹೇಳಲು ನಿಮಗೆ ಬರಬೇಕು. ನನಗೆ ಅಂಥದ್ದು ಸಿಕ್ಕಿದ್ದು ತಂಗಿಯ ಹೋಮ್‌ವರ್ಕಿನಲ್ಲಿ.

ಅವಳು ಆಗ ಎಸ್ಸೆಸ್ಸೆಲ್ಸಿ. 'ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ' ಅನ್ನುವ ಪ್ರಶ್ನೆ ನಿಮಗೂ ನೆನಪಿರಬೇಕು. ದಿನಾ ಸಂಜೆ "ಅಣ್ಣಾ, ಇದು ಸರಿ ಇದೆಯಾ ನೋಡೋ" ಅಂತ ನೋಟ್‌ಬುಕ್ ತಂದು ಮುಂದೆ ಇಡುತ್ತಿದ್ದಳು. ಎರಡು ದಿನ ನೋಡಿಕೊಟ್ಟೆ. ಮೂರನೇ ದಿನ ಇದನ್ನು ಕಂಪ್ಯೂಟರಿಗೇ ಒಪ್ಪಿಸೋಣ ಅನ್ನಿಸಿತು. ಸೋಮಾರಿತನ, ಬೇರೇನಲ್ಲ.

ನಿಯಮಗಳು ಹೈಸ್ಕೂಲಿನವೇ. ದೀರ್ಘ ಇದ್ದರೆ ಗುರು, ಐ ಮತ್ತು ಔ ಗುರು, ಅನುಸ್ವಾರ ವಿಸರ್ಗ ಇದ್ದರೆ ಗುರು, ಒತ್ತಕ್ಷರದ ಹಿಂದಿನದು ಗುರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅರ್ಧ ಗಂಟೆ ಕೆಲಸ ಅಂದುಕೊಂಡೆ.

ಮೊದಲ ಏಟು ಬಿದ್ದಿದ್ದು ಅಕ್ಷರ ಎಣಿಸುವಾಗಲೇ. 'ಕನ್ನಡ' ಪದದ ಉದ್ದ ಕೇಳಿದರೆ ಪೈಥಾನ್ 5 ಅಂದಿತು. ನಮಗೆ ಮೂರು ಅಲ್ವಾ? ನಾನು ಪೈಥಾನ್‌ನದ್ದೇ ತಪ್ಪು ಅಂದುಕೊಂಡೆ. ಒಂದು ಫಾರ್ ಲೂಪ್ ಹಾಕಿ ಒಂದೊಂದನ್ನೇ ಪ್ರಿಂಟ್ ಮಾಡಿಸಿದಾಗ ಗೊತ್ತಾಯಿತು: ಕ, ನ, ಹಲಂತದ ಗುರುತು (್), ಮತ್ತೆ ನ, ಡ. ಒತ್ತಕ್ಷರ ಅನ್ನುವುದು ಯುನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಪದ್ಧತಿಯಲ್ಲಿ, ಬೇರೆ ಅಕ್ಷರವಲ್ಲ. ಎರಡು ವ್ಯಂಜನದ ನಡುವೆ ಹಲಂತ ಕೂತರೆ ಪರದೆಯ ಮೇಲೆ ಒತ್ತಾಗಿ ಕಾಣುತ್ತದೆ, ಅಷ್ಟೇ. ಇಕಾರ, ಉಕಾರಗಳ ಗುರುತುಗಳೂ ಹೀಗೇ ಬೇರೆ ಬೇರೆ. ಇನ್ನೊಂದು ತಮಾಷೆ 'ಸೂರ್ಯ'ದ್ದು. ಬರೆಯುವಾಗ ಅರ್ಕಾವತ್ತು ಕೊನೆಗೆ ಬರುತ್ತದೆ, ಒಳಗೆ ಮಾತ್ರ ನಾವು ಉಚ್ಚರಿಸುವ ಹಾಗೆ ರ ಮೊದಲು, ಯ ಆಮೇಲೆ.

ಸಾಲನ್ನು ಅಕ್ಷರಗಳಾಗಿ ಒಡೆಯುವ ಆ ಒಂದು ಫಂಕ್ಷನ್‌ಗೇ ನಾಲ್ಕು ಸಂಜೆ ಹೋಯಿತು. ಸ್ಟ್ರಿಂಗ್, ಲಿಸ್ಟ್, ಇಫ್-ಎಲ್ಸ್ ನನಗೆ ನಿಜವಾಗಿ ಬಂದಿದ್ದು ಆಗಲೇ. ಪಾಠದಲ್ಲಿ ನೋಡಿದ್ದು ಅವುಗಳ ಹೆಸರು ಮಾತ್ರ.

ಆಮೇಲೆ ಭಾಮಿನಿ ಷಟ್ಪದಿ ಹಾಕಿ ನೋಡಿದೆ. ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯದು ಸಿಗಲಾರದು. 1, 2, 4, 5ನೇ ಸಾಲಿನಲ್ಲಿ ಮೂರು-ನಾಲ್ಕು-ಮೂರು-ನಾಲ್ಕು, ಅಂದರೆ 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ ಮೂರು-ನಾಲ್ಕು ಮೂರು ಸಲ, ಕೊನೆಗೊಂದು ಗುರು, 23 ಮಾತ್ರೆ. ಪದ್ಯಕ್ಕೆ ಒಟ್ಟು 102. ಒಂದು ಹೆಚ್ಚುಕಮ್ಮಿ ಆದರೂ ತಪ್ಪು ನನ್ನದು, ಕುಮಾರವ್ಯಾಸನದ್ದಲ್ಲ! ಅವನ ಮೊದಲ ಪದ್ಯದ ಮೊದಲ ಸಾಲು ಕೊಟ್ಟೆ. 14 ಬಂತು. ತಂಗಿಯನ್ನು ಕರೆದು ತೋರಿಸಿದೆ. ಅವಳು ಅಲ್ಲೇ ಕೂತು ಒಂದು ಸಾಲು ಕಟ್ಟಿ ಕೊಟ್ಟಳು: 'ಪ್ರೀತಿಯಿಂದಲಿ ಕರೆದರೊಮ್ಮೆಗೆ'. ಪ್ರೋಗ್ರಾಂ 15 ಅಂದಿತು. ಅವಳು ಬೆರಳಲ್ಲಿ ಎಣಿಸಿ 14 ಅಂದಳು. ಅವಳೇ ಸರಿ.

ಎರಡು ದಿನ ತಲೆ ಕೆಡಿಸಿಕೊಂಡೆ. ಎರರ್ ಇಲ್ಲ, ಏನಿಲ್ಲ. ಕೊನೆಗೆ ಪ್ರತಿ ಅಕ್ಷರದ ಕೆಳಗೂ ಅದರ ಮಾತ್ರೆ ಪ್ರಿಂಟ್ ಮಾಡಿಸಿದಾಗ ಕೊನೆಯ 'ಗೆ' ಗುರು ಆಗಿ ಕೂತಿತ್ತು. ಆಗಿದ್ದು ಇಷ್ಟು: ನಾನು ಮೊದಲು ಎಲ್ಲಾ ಅಕ್ಷರಕ್ಕೂ 1 ತುಂಬಿ, ಒತ್ತಕ್ಷರ ಸಿಕ್ಕಾಗಲೆಲ್ಲ ಅದರ ಹಿಂದಿನದನ್ನು 2 ಮಾಡುತ್ತಿದ್ದೆ. ಸಾಲು 'ಪ್ರೀ' ಅಂತ ಒತ್ತಕ್ಷರದಿಂದಲೇ ಶುರುವಾದರೆ? ಅದಕ್ಕೆ ಹಿಂದಿನದೇ ಇಲ್ಲ. ಪೈಥಾನ್ ಲಿಸ್ಟನ್ನು ಎಣಿಸುವುದು ಸೊನ್ನೆಯಿಂದ, ಆ ಸೊನ್ನೆಯಲ್ಲಿ ಒಂದು ಕಳೆದರೆ -1. ಪೈಥಾನ್‌ನಲ್ಲಿ ಲಿಸ್ಟಿನ -1 ಅಂದರೆ ಕೊನೆಯದು! ಅದು ಸುಮ್ನೆ ಹೋಗಿ ಕೊನೆಯ ಅಕ್ಷರಕ್ಕೆ 2 ಹಾಕಿ ಬಂದಿತ್ತು. ಕುಮಾರವ್ಯಾಸನ ಸಾಲೂ 'ಶ್ರೀ'ಯಿಂದಲೇ ಶುರು, ಆದರೆ ಮುಗಿಯುವುದು 'ರಾ'ದಲ್ಲಿ. ಅದು ಹೇಗೂ ಗುರು, ಹಾಗಾಗಿ ತಪ್ಪು ಅಡಗಿ ಕೂತಿತ್ತು.

-1 ಅಂದರೆ ಕೊನೆಯದು ಅಂತ ವಿಡಿಯೊದಲ್ಲೂ ಹೇಳಿದ್ದರು. ನಾನು ನೋಟ್ಸ್‌ನಲ್ಲೂ ಬರೆದುಕೊಂಡಿದ್ದೆ. ಆದರೂ ಕಾಣಲಿಲ್ಲ.

ಎಐಗೆ ಕೇಳಬಹುದಾ ಅಂತಲೂ ಕೇಳಿದ್ದೀರಿ. ಎರರ್ ಬಂದಾಗ ಅದರ ಅರ್ಥ ಕೇಳಿ, ತಪ್ಪಿಲ್ಲ. ಇಡೀ ಪ್ರೋಗ್ರಾಂ ಬರೆಸಿಕೊಂಡರೆ ಮಾತ್ರ ಆ ನಾಲ್ಕು ಸಂಜೆ ನಿಮಗೆ ಸಿಗುವುದಿಲ್ಲ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಚಿಂತೆ ಬೇಡ, ಪೈಥಾನ್ ಬರೆದು ಓಡಿಸುವ ಗೂಗಲ್ ಕೊಲ್ಯಾಬ್ ಬ್ರೌಸರಿನಲ್ಲೇ ನಡೆಯುತ್ತದೆ. ಫೋನಿನಲ್ಲಿ ಟೈಪ್ ಮಾಡುವುದು ಕಿರಿಕಿರಿ, ಅಷ್ಟೇ.

ಛಂದಸ್ಸು ನಿಮಗೆ ಬೇಡವಾದರೆ ಮನೆಯಲ್ಲೇ ಹುಡುಕಿ. ಅಪ್ಪ ಡೈರಿಗೆ ಹಾಲು ಹಾಕುತ್ತಿದ್ದರೆ ಲೀಟರ್, ಫ್ಯಾಟ್, ದರ ಹಾಕಿ ಬರುವ ದುಡ್ಡು ಪಾಸ್‌ಬುಕ್ಕಿನ ಜೊತೆ ತಾಳೆ ಆಗುತ್ತದಾ ನೋಡಿ. ಅಮ್ಮನ ಚೀಟಿ ಲೆಕ್ಕ, ಅಂಗಡಿಯ ಉದ್ರಿ ಪುಸ್ತಕ, ಕರೆಂಟ್ ಬಿಲ್ಲು, ಯಾವುದಾದರೂ ಸರಿ. ಮೊದಲ ಸಲ ಐವತ್ತು ಸಾಲಿನೊಳಗೆ ಮುಗಿಯುವಂಥದ್ದು ಇರಲಿ.

ಇವತ್ತೇ ಕೈ ಹಾಕಬೇಕು ಅಂತಿದ್ದರೆ ಒಂದು ಚಿಕ್ಕ ಕೆಲಸ ಕೊಡುತ್ತೇನೆ. ಪದವನ್ನು ಹಿಂದುಮುಂದು ಮಾಡಿ, ಅದೇ ಪದ ಬರುತ್ತದಾ ಅಂತ ನೋಡುವ ಪ್ರೋಗ್ರಾಂ ಬರೆಯಿರಿ. ಎರಡೇ ಸಾಲು. 'ಗದಗ' ಕೊಡಿ, ಸರಿ ಅನ್ನುತ್ತದೆ. ಆಮೇಲೆ 'ಕಿಟಕಿ' ಕೊಡಿ. ಕಿಟಕಿ ಯಾಕೆ ಮುರಿಯಿತು ಅಂತ ಗೊತ್ತಾದ ಮೇಲೆ 'ವಿಕಟಕವಿ' ಸರಿಯಾಗಿ ಬರುವ ಹಾಗೆ ಮಾಡಿ. ಸಿಕ್ಕಿಕೊಂಡರೆ ನಿಮ್ಮ ಕೋಡ್ ಇಲ್ಲೇ ಹಾಕಿ, ಭಾನುವಾರ ಕೂತು ನೋಡುತ್ತೇನೆ.