ಡೆಲಿವರಿ ಆ್ಯಪ್ ಬ್ಯಾಟರಿ ತಿನ್ನುತ್ತಿದೆ, ಡಾರ್ಕ್ ಥೀಮ್ ಹಾಕಿದರೆ ಸರಿಹೋಗುತ್ತಾ?

ಇಲ್ಲ. ನಿಮ್ಮ ಡೆಲಿವರಿ ಹುಡುಗರ ಫೋನ್ ಹೆಚ್ಚು ಹೊತ್ತು ಸ್ಕ್ರೀನ್ ಆಫ್ ಆಗಿ ಜೇಬಿನಲ್ಲೇ ಇರುತ್ತೆ. ಆಫ್ ಆದ ಸ್ಕ್ರೀನು ಕಪ್ಪಾದರೇನು, ಬಿಳಿಯಾದರೇನು? 'ಲೊಕೇಶನ್ 15 ಸೆಕೆಂಡಿಗೊಮ್ಮೆ ಸರ್ವರ್‌ಗೆ ಹೋಗುತ್ತೆ' ಅಂತ ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಲ್ಲ, ಕಳ್ಳ ಅಲ್ಲೇ ಇದ್ದಾನೆ. ನಾನು ಕೆಲಸ ಮಾಡಿದ ಟ್ರ್ಯಾಕಿಂಗ್ ಆ್ಯಪಿನಲ್ಲೂ ಇದೇ ಆಗಿತ್ತು. ಎಲ್ಲರೂ ಜಿಪಿಎಸ್ ಮೇಲೆ ಗೂಬೆ ಕೂರಿಸುತ್ತಿದ್ದರು.

ಹೋಗುವ ಡೇಟಾ 200 ಬೈಟ್ ಇರಬಹುದು, ಅದು ಮುಖ್ಯ ಅಲ್ಲ. ಕಳಿಸಿ ಮುಗಿದ ಕೂಡಲೇ ಮೊಬೈಲ್ ರೇಡಿಯೋ, ಅಂದರೆ ಟವರ್ ಜೊತೆ ಮಾತಾಡುವ ಭಾಗ, ಮಲಗಲ್ಲ. ಇನ್ನೇನಾದರೂ ಬಂದೀತು ಅಂತ 4ಜಿಯಲ್ಲಿ ಸಾಮಾನ್ಯವಾಗಿ 10 ಸೆಕೆಂಡ್ ಆಸುಪಾಸು ಎಚ್ಚರವಾಗಿಯೇ ಇರುತ್ತೆ. ಆ ಅವಧಿಯನ್ನು ಗೊತ್ತುಮಾಡೋದು ನೆಟ್‌ವರ್ಕು, ನಿಮ್ಮ ಕೋಡ್ ಅಲ್ಲ. ಲೆಕ್ಕ ಹಾಕಿ: ಗಂಟೆಗೆ 240 ಸಲ, ಸಲಕ್ಕೆ 10 ಸೆಕೆಂಡ್ ಅಂದರೆ 40 ನಿಮಿಷ ರೇಡಿಯೋ ಸುಮ್ಮನೆ ಉರಿಯುತ್ತಿರುತ್ತೆ. ಅದೇ ಲೊಕೇಶನ್ ಪಾಯಿಂಟುಗಳನ್ನು ಫೋನಿನಲ್ಲೇ ರೂಮ್ (ಆಂಡ್ರಾಯ್ಡ್‌ನ ಡೇಟಾಬೇಸ್ ಲೈಬ್ರರಿ) ಡೇಟಾಬೇಸಿಗೆ ಹಾಕಿಟ್ಟು, 5 ನಿಮಿಷಕ್ಕೊಮ್ಮೆ 20ನ್ನು ಒಟ್ಟಿಗೆ ಕಳಿಸಿದರೆ 12 ಸಲ, 2 ನಿಮಿಷ. ಒಂದು ಪಾಯಿಂಟೂ ಕಮ್ಮಿಯಾಗಲ್ಲ. ಜೇಸನ್ (ಡೇಟಾ ಕಳಿಸುವ ಪಠ್ಯ ರೂಪ) ಕುಗ್ಗಿಸಿ, ಜಿಜಿಪ್ ಮಾಡಿ ಒತ್ತಿ ಚಿಕ್ಕದಾಗಿಸಿ ಅನ್ನುವವರ ಮಾತಿಗೆ ಇಲ್ಲಿ ಕಿವಿಗೊಡಬೇಡಿ. 200 ಬೈಟ್ 80 ಆದರೂ ರೇಡಿಯೋ ಏಳೋದು ತಪ್ಪಲ್ಲ.

'ಗ್ರಾಹಕರಿಗೆ ಲೈವ್ ಬೇಕು' ಅಂತೀರಿ. ಮ್ಯಾಪ್ ಯಾರೂ ತೆರೆಯದಿದ್ದಾಗ ಲೈವ್ ಯಾರಿಗೆ? ಗ್ರಾಹಕರು ಮ್ಯಾಪ್ ತೆರೆದಾಗ ಸರ್ವರ್‌ನಿಂದ ಹುಡುಗನ ಫೋನಿಗೆ ಎಫ್‌ಸಿಎಂ (ಗೂಗಲ್‌ನ ಪುಶ್ ಮೆಸೇಜ್ ಸೇವೆ) ಹೈ ಪ್ರಯಾರಿಟಿ ಮೆಸೇಜ್ ಹೋಗಲಿ, ಆಗಷ್ಟೇ 15 ಸೆಕೆಂಡಿಗೆ ಇಳಿಸಿ. ಮ್ಯಾಪ್ ಮುಚ್ಚಿದರೆ ವಾಪಸ್ 5 ನಿಮಿಷ. ಇದಕ್ಕೆ ಹಿನ್ನೆಲೆ ಕೆಲಸಗಳಿಗೆ ಸಮಯ ಗೊತ್ತುಮಾಡುವ ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್ ಆಗಲ್ಲ, ಅದರ ಆವರ್ತನ ಕೆಲಸಕ್ಕೆ ಕನಿಷ್ಠ ಅಂತರವೇ 15 ನಿಮಿಷ. ಡ್ಯೂಟಿಯಲ್ಲಿ ಇರುವಷ್ಟು ಹೊತ್ತು ಲೊಕೇಶನ್ ಟೈಪಿನ ಫೋರ್‌ಗ್ರೌಂಡ್ ಸರ್ವೀಸ್ (ನೋಟಿಫಿಕೇಶನ್ ತೋರಿಸುತ್ತಾ ಓಡುವ ಸೇವೆ) ಇಡಿ, ಡ್ಯೂಟಿ ಮುಗಿದ ತಕ್ಷಣ ನಿಲ್ಲಿಸಿ.

ಜಿಪಿಎಸ್ ಪೂರ್ತಿ ನಿರಪರಾಧಿ ಅಂತಲ್ಲ. ಹುಡುಗ ಹೋಟೆಲ್ ಮುಂದೆ ಆರ್ಡರಿಗೆ ಕಾಯುವಾಗ ಬ್ಯಾಟರಿ ಉಳಿಸುವ ಬ್ಯಾಲೆನ್ಸ್‌ಡ್ ಪ್ರಯಾರಿಟಿ ಲೊಕೇಶನ್ ಸಾಕು, ಸುಮಾರು 100 ಮೀಟರ್ ನಿಖರತೆ ಸಿಗುತ್ತೆ. ಹೈ ಅಕ್ಯುರಸಿ ಗಾಡಿ ಹೊರಟ ಮೇಲೆ.

ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ನೆಟ್‌ವರ್ಕ್ ಸಿಗದಾಗ ನಿಮ್ಮ ಆ್ಯಪ್ ಏನು ಮಾಡುತ್ತೆ ಅಂತಲೂ ನೋಡಿ. ಸೋತ ಕೂಡಲೇ ಮತ್ತೆ ಮತ್ತೆ ಪ್ರಯತ್ನಿಸಿದರೆ, ಸಿಗ್ನಲ್ ಕುಗ್ಗಿ ರೇಡಿಯೋ ಹೆಚ್ಚು ಪವರ್ ಸುರಿಯುವ ಜಾಗದಲ್ಲೇ ಅದನ್ನು ದುಡಿಸಿದಂತೆ. 30 ಸೆಕೆಂಡ್, 1 ನಿಮಿಷ, 2 ನಿಮಿಷ ಅಂತ ಅಂತರ ದ್ವಿಗುಣ ಮಾಡುತ್ತಾ ಹೋಗಿ. ವೇಕ್‌ಲಾಕ್ (ಸಿಪಿಯು ಮಲಗದಂತೆ ತಡೆಯುವ ಬೀಗ) ಹಿಡಿದಿದ್ದರೆ ಟೈಮೌಟ್ ಕೊಟ್ಟೇ ಹಿಡಿಯಿರಿ, ಅದನ್ನು ಬಿಡುವ ಸಾಲು ತಪ್ಪಾದರೂ ಓಡುವ ಫೈನಲಿ ಬ್ಲಾಕಿನಲ್ಲಿರಲಿ. ಇಲ್ಲದಿದ್ದರೆ ಒಂದು ಎಕ್ಸೆಪ್ಶನ್ ಬಂತು ಅಂದರೆ ಸಿಪಿಯು ರಾತ್ರಿಯಿಡೀ ಜಾಗರಣೆ.

ಬ್ಯಾಟರಿ ಬಳಕೆ ಅಳೆಯುವಾಗ ಎಡಿಬಿಯಲ್ಲಿ (ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಟೂಲ್) ಬ್ಯಾಟರಿಸ್ಟ್ಯಾಟ್ಸ್, ಅಂದರೆ ಬ್ಯಾಟರಿ ಬಳಕೆಯ ದಾಖಲೆ, ರೀಸೆಟ್ ಮಾಡಿ, ಕೇಬಲ್ ಕಿತ್ತು ಒಂದು ಗಂಟೆ ಗಾಡಿಯಲ್ಲಿ ಓಡಾಡಿಸಿ, ಆಮೇಲೆ ಬಗ್‌ರಿಪೋರ್ಟ್ (ಫೋನಿನ ದಾಖಲೆಗಳ ಕಂತೆ) ತೆಗೆದು, ಅದನ್ನು ಚಿತ್ರವಾಗಿ ತೋರಿಸುವ ಬ್ಯಾಟರಿ ಹಿಸ್ಟೋರಿಯನ್‌ಗೆ ಹಾಕಿ. ಮೊಬೈಲ್ ರೇಡಿಯೋ ಆ್ಯಕ್ಟಿವ್ ಪಟ್ಟಿ ಮೊದಲು ನೋಡಿ. ಕೇಬಲ್ ಸಿಕ್ಕಿಸಿಕೊಂಡೇ ಅಳೆದರೆ ಫೋನ್ ಚಾರ್ಜ್ ಆಗ್ತಿರುತ್ತೆ, ಡೋಜ್ ಅನ್ನುವ ಗಾಢ ನಿದ್ದೆಗೂ ಹೋಗಲ್ಲ. ಆ ಅಂಕಿಗಳು ಕಸದ ಬುಟ್ಟಿಗೆ.